ಅಸ್ತರು

ಹೊಟ್ಟೆಯ ಸುತ್ತಳತೆ ದಿನಾ ಬರೆದಿಡಿ ಅಂದರು ಡಾಕ್ಟರಮ್ಮ,
ಮನೇಲಿ ಟೇಪು ಇದೆಯಾ?
ಸುಂಕಲಮ್ಮ ನಕ್ಕಳು.
ನಕ್ಕರೆ ನೋಯುತ್ತಿತ್ತು, ಆದರೂ ನಕ್ಕಳು.
ನನ್ನ ಕೊರಳಲ್ಲೇ ಜೋತಾಡುತ್ತಿತ್ತು ಟೇಪು,
ಕೌಲ್ ಬಜಾರಿನಿಂದ ಮಿಷನ್ ಬಿಟ್ಟು
ಹಂಗೇ ಎದ್ದು ಬಂದಿದ್ದೆ.

ಇಪ್ಪತ್ತಾರು ವರ್ಷ ಜೀನ್ಸಿಗೆ ಸೊಂಟಪಟ್ಟಿ ಹೊಲಿದವನು ನಾನು.
ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು,
ನೋಡದ ಊರುಗಳ ಕಾಣದ ಗಂಡಸರ ಸೊಂಟ.
ಆಕೆ ಹೊಸ್ತಿಲಲ್ಲಿ ಕೂತು ದಾರ ಕತ್ತರಿಸೋಳು,
ಪೀಸಿಗಿಷ್ಟು ಅಂತ.
ಅನ್ನ ಕಲಸಿದರೂ ಬೆರಳು ನೀಲಿ,
ಮಗಳಿಗೆ ಜಡೆ ಹಾಕಿದರೂ ನೀಲಿ.

ಸ್ಕ್ಯಾನಿನ ಹಾಳೆ ಬೆಳಕಿಗೆ ಹಿಡಿದು ಡಾಕ್ಟರಮ್ಮ ಹೇಳಿದ್ದು:
ಜಠರದಲ್ಲಿ ಹುಟ್ಟಿದ್ದು ಅಲ್ಲೇ ನಿಂತಿಲ್ಲ.
ಹೊಟ್ಟೆಯೊಳಗೆ ಒಂದು ತೆಳು ಪೊರೆ ಇರುತ್ತೆ,
ಕರುಳಿಗೆ, ಗೋಡೆಗೆ, ಎಲ್ಲಕ್ಕೂ ಹೊದಿಸಿದ ಹಾಗೆ.
ಅದರ ಮೇಲೆಲ್ಲ ರವೆ ಚೆಲ್ಲಿದಂತೆ ಕೂತಿದೆ.
ಈ ನೀರು ಅದರಿಂದಲೇ.

ಅಸ್ತರು, ಅಂದೆ.
ಏನು?
ಕೋಟಿಗೆ ಒಳಗೆ ಕೊಡ್ತೀವಲ್ರೀ ಮೇಡಂ, ಅಸ್ತರು.
ಹೂಂ. ಅದೇ ಅನ್ನಿ.
ಅಸ್ತರು ಕೆಟ್ಟರೆ ಬಿಚ್ಚಿ ಹೊಸದು ಕೊಡ್ತೀವಿ,
ಹೊರಗಿನವರಿಗೆ ಗೊತ್ತೂ ಆಗಂಗಿಲ್ಲ.
ಅವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು.
ಇದನ್ನು ಬಿಚ್ಚೋಕಾಗಲ್ಲ, ಹುಸೇನಪ್ಪ.

ನಾಲ್ಕು ಸಲ ಡ್ರಿಪ್ಪು ಹಾಕಿಸಿದ್ವಿ.
ಹಾಕಿಸಿದ ವಾರ ತಣ್ಣಗಿರೋದು ಯಾವುದೂ ಮುಟ್ಟಂಗಿಲ್ಲ,
ಮುಟ್ಟಿದರೆ ಬೆರಳಿಗೆ ಕರೆಂಟು.
ಬಳ್ಳಾರಿಯ ಏಪ್ರಿಲ್ಲು.
ರಾತ್ರಿ ಹನ್ನೊಂದಕ್ಕೂ ಗುಡ್ಡ ಬಿಸಿ ಉಸಿರು ಬಿಡುತ್ತೆ.
ಓಣಿಯವರೆಲ್ಲ ಐಸು ತಂದು ಕೊಡಕ್ಕೆ ಹಾಕಿಕೊಂಡರೆ
ಆಕೆ ಬಿಸಿನೀರು ಕುಡಿಯೋಳು, ಲೋಟ ಸೆರಗಲ್ಲಿ ಹಿಡಿದು.
ಐದನೇದಕ್ಕೆ ಹೊರಡೋ ಮುಂಜಾನೆ ಚಪ್ಪಲಿ ಮೆಟ್ಟಲಿಲ್ಲ.
ಸಾಕು, ಅಂದಳು.
ಸೂಜಿ ಪೋಣಿಸಾಕೆ ಬರವಲ್ದು ನಂಗೆ.
ಜಗಳ ಮಾಡಿದೆ. ಲೋಟ ಒಗೆದೆ.
ಉರುಳಿದ ಲೋಟ ಎತ್ತಿಟ್ಟವನೂ ನಾನೇ.

ಆಮೇಲೆ ಗುರುವಾರಕ್ಕೊಮ್ಮೆ ನೀರು ತೆಗೆಸೋದು.
ಮೂರು ಲೀಟರು, ಕೆಲವು ಸಲ ನಾಲ್ಕು,
ಕುಸುಬಿ ಎಣ್ಣೆಯ ಬಣ್ಣ.
ಗುರುವಾರ ಸಂಜೆ ಮೂವತ್ತೈದು,
ಬುಧವಾರ ಮತ್ತೆ ಮೂವತ್ತೊಂಬತ್ತು.
ಭುಜ ಮಾತ್ರ ಇಳೀತಾನೇ ಹೋದವು.
ಯಾವ ಪ್ಯಾಟರ್ನಿನಲ್ಲೂ ಇಂಥ ಮೈ ಇಲ್ಲ.

ಈಗ ನಳಿಗೆ ಒಳಗೇ ಬಿಟ್ಟಿದ್ದಾರೆ.
ಜೀವರತ್ನ ಸಿಸ್ಟರು ಹೇಳಿಕೊಟ್ಟರು:
ಕೈ ತೊಳಿ, ಕ್ಲಿಪ್ಪು ಬಿಚ್ಚು, ಅವಸರ ಮಾಡಬೇಡ,
ಜ್ವರ ಬಂದರೆ ರಾತ್ರಿಯಾದರೂ ಫೋನು ಮಾಡು.
ನಾನು ನೈಟಿಗೆ ಒಂದು ಜೇಬು ಹೊಲಿದೆ, ಒಳಮಗ್ಗುಲಿಗೆ,
ನಳಿಗೆಯ ಚೀಲ ಹಿಡಿಯೋ ಹಂಗೆ,
ಎರಡು ವರಸೆ ಹೊಲಿಗೆ, ಮೂಲೆಗೆ ಬಾರ್‌ಟ್ಯಾಕು.
ಅದರ ಪಕ್ಕ ಇನ್ನೊಂದು ಪುಟ್ಟದು.
ಪ್ರತಿ ಪ್ಯಾಂಟಿಗೂ ಹಾಕ್ತೀವಿ ಆ ಪುಟ್ಟ ಜೇಬು,
ಯಾಕೆ ಅಂತ ಯಾವ ಮೇಸ್ತ್ರಿಯೂ ಹೇಳಲಿಲ್ಲ.
ನಾಲ್ಕು ಮಾರ್ಫಿನ್ ಗುಳಿಗೆ
ಸರಿಯಾಗಿ ಹಿಡಿಸುತ್ತೆ.

ಗಂಜಿ ಎರಡು ಚಮಚೆ, ಮೂರನೆಯದು ವಾಪಸು.
ತಿನ್ನು ತಿನ್ನು ಅನ್ನೋದು ಬಿಟ್ಟಿದ್ದೀನಿ, ಸಿಸ್ಟರು ಬೈದ ಮೇಲೆ.

ನಿನ್ನೆ ರಾತ್ರಿ ಟೇಪು ಹಿಡಿದು ಹೋದರೆ
ಕಸಿದುಕೊಂಡು ನನ್ನ ಸೊಂಟಕ್ಕೇ ಸುತ್ತಿದಳು.
ಜೋಮು ಹಿಡಿದ ಬೆರಳು, ಮೂರು ಸಲ ಜಾರಿತು.
ಎಷ್ಟಿತ್ತು ನಿಂದು?
ಮೂವತ್ತನಾಲ್ಕು.
ಮೂವತ್ತೊಂದೈತೆ ನೋಡು.
ಪುಸ್ತಕ ಇಸಿದು ತನ್ನ ಅಳತೆಯ ಕೆಳಗೆ
ಬರೆದೂ ಬಿಟ್ಟಳು, ಸೊಟ್ಟ ಒಂದು.

ಬಜಾರಿನ ಮೂಲೆ ಬಂಡಿ ಇನ್ನೂ ಮುಚ್ಚಿರಂಗಿಲ್ಲ,
ಹೋಗು, ಒಗ್ಗರಣೆ ಮಿರ್ಚಿ ಕಟ್ಟಿಸ್ಕೊಂಡು ಬಾ.
ಬೇಡ, ಒಳಗೆ ತಿಂದು ಬರಬ್ಯಾಡ.
ನನ್ನ ಮುಂದೆ ಕೂತು ತಿನ್ನು.
ಕಚ್ಚೋ ಸಪ್ಪಳ ಕೇಳಬೇಕು ನಂಗೆ.